ಬಾಗಿಸಿ ಕೂರಿಸುವ ಗಾಡಿ

ಮನುಷ್ಯ ಎಂಥ ಸಂದರ್ಭದಲ್ಲೂ ತಲೆ ಎತ್ತಿ ಬಾಳಬೇಕೆಂದು ಹಿರಿಯರು ಹೇಳಿದ್ದಾರೆ. ಹಿರಿಯರು ಜಪಾನಿನ ಮೋಟಾರ್ ಸೈಕಲ್ ಹತ್ತಿದವರಲ್ಲ.

ಎಪ್ಪತ್ತೈದನೇ ಇಸವಿಯ ಸುಮಾರಿಗೆ ನಾನು ಹೊಳಲ್ಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತ. ಊರಿನಿಂದ ದಿನವೂ ಸೈಕಲ್ ತುಳಿಯುತ್ತಿದ್ದೆ. ಊರಿನಲ್ಲಿ ನನಗೂ ದೊಡ್ಡಪ್ಪನ ಮಗ ತಿಪ್ಪೇಸ್ವಾಮಿಗೂ ಸೇರಿ ಒಂದೇ ಬಾವಿ. ಸೋಮವಾರದ ನೀರಿನ ಸರದಿ ಯಾರದೆಂಬುದಕ್ಕೆ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದೆವು. ಪಂಚಾಯ್ತಿ ಮಾಡಿ ಸೋತ ಗೌಡರು ಕೊನೆಗೆ, "ಮೊದಲು ಯಾವನು ತಲೆ ಬಾಗ್ತಾನೋ ಅವನದು ತಪ್ಪು. ಸೋಮವಾರ ಇನ್ನೊಬ್ಬನಿಗೆ. ಆಗಬಹುದೇನ್ರಪ್ಪ?" ಎಂದರು. ಇಬ್ಬರೂ ಒಪ್ಪಿದೆವು, ಬಾಗುವವನು ಅವನೇ ಎಂಬ ಭರವಸೆಯಿಂದ. ಅಂದಿನಿಂದ ಅವನು ಎದುರಿಗಿದ್ದರೆ ಕಾಲಿಗೆ ಚುಚ್ಚಿದ ಮುಳ್ಳು ಕೀಳಲೂ ನಾನು ಬಗ್ಗಿದವನಲ್ಲ.

ಹೀಗಿರುವಾಗ, ಜೋಗಿಮಟ್ಟಿ ಬೆಟ್ಟದ ಆಚೆ ಗಣಿಯ ಕೆಲಸಕ್ಕೆ ಬಂದಿದ್ದ ಜಪಾನಿ ಇಂಜಿನಿಯರೊಬ್ಬ ತನ್ನ ಕೆಂಪು ಮೋಟಾರ್ ಸೈಕಲ್ ಮಾರಿ ದೇಶಕ್ಕೆ ಹೊರಡುವವನಿದ್ದ. ಪಂದ್ಯಕ್ಕೆಂದೇ ಮಾಡಿದ್ದು, ಕಂಪನಿ ಇಂಥವನ್ನು ಬೆರಳೆಣಿಕೆಯಷ್ಟು ಮಾಡಿ ನಿಲ್ಲಿಸಿದೆ ಎಂದ. ಅದನ್ನು ನಾನು ಹೊಗಳಿಕೆ ಎಂದು ತಿಳಿದೆ. ತಿಪ್ಪೇಸ್ವಾಮಿಯ ಕಣ್ಣು ಕುಕ್ಕಬೇಕಿತ್ತು, ಕೊಂಡೆ.

ಗಾಡಿಯ ಹ್ಯಾಂಡಲ್ ಹೆಚ್ಚುಕಡಿಮೆ ಮುಂದಿನ ಚಕ್ರದ ಮೇಲೆಯೇ ಇತ್ತು. ಕೂತವನು ಟ್ಯಾಂಕಿಗೆ ಎದೆ ಹಚ್ಚಿ, ಕಂಡವರಿಗೆಲ್ಲ ನಮಸ್ಕರಿಸುವಂತೆ ಸಾಗಬೇಕು. ಚಿಕ್ಕಜಾಜೂರಿನ ಮೆಕ್ಯಾನಿಕ್ ಬಾಷಾ ಅಂದೇ ಹೇಳಿದ: "ಬ್ಯಾರೆ ಹ್ಯಾಂಡಲ್ ಹಾಕ್ತೀನಿ ಸಾರ್, ಅರ್ಧ ದಿನದ ಕೆಲ್ಸ. ನೆಟ್ಟಗೆ ಕುಂತ್ಕಳ್ರಿ."

"ಲೋಕದಲ್ಲೇ ಅಪರೂಪದ ಗಾಡಿ ಕಣಯ್ಯ, ಮುಟ್ಟಬೇಡ" ಎಂದೆ. ಹೆಂಡತಿ ಗೌರಮ್ಮ ಬಾಗಿಲಲ್ಲಿ ನಿಂತು ನೋಡಿ, "ಸೈಕಲ್ ಮ್ಯಾಲೆ ಗಂಡಸಿನಂಗೆ ಕಾಣ್ತಿದ್ರಿ. ಈಗ ಹೊಟ್ಟೆನೋವು ಬಂದಂಗೆ ಐತೆ" ಎಂದಳು. ಹೆಂಗಸರಿಗೆ ಯಂತ್ರದ ಗತ್ತು ತಿಳಿಯದೆಂದು ಗಾಡಿ ಹೊರಡಿಸಿದೆ.

ಮೂರನೆಯ ದಿನ ಚಾವಡಿಯ ಮುಂದೆ ಹಾಯುವಾಗ ಕಟ್ಟೆಯ ಮೇಲೆ ಗೌಡರೂ ಇನ್ನಿಬ್ಬರೂ ಕೂತಿದ್ದರು. ಪಕ್ಕದಲ್ಲಿ ತಿಪ್ಪೇಸ್ವಾಮಿ. ಅವನು ಎದ್ದು ಕೈ ಮುಗಿದ. ಗಾಬರಿಯಾಗಿ ಗಾಡಿ ನಿಲ್ಲಿಸಿದೆ.

"ಆತು ಬಿಡಪ್ಪ. ನಾನೂ ಮನಸ್ಸಿನಾಗೆ ಏನೂ ಇಟ್ಕಂಡಿಲ್ಲ. ಚಿಕ್ಕೋನು ನೀನು, ಬಾಗಿದ್ರೆ ಏನೂ ಕಮ್ಮಿ ಆಗಲ್ಲ" ಎಂದ.

"ನಾನು ಬಾಗಿದ್ದು ಗಾಡಿಗೆ ಕಣೋ!"

"ಯಾತಕ್ಕಾದ್ರೂ ಬಾಗು," ಎಂದರು ಗೌಡರು, "ಮೂರು ದಿನದಿಂದ ಇವನಿಗೆ ಬೆಳಿಗ್ಗೆ ಒಂದು ನಮಸ್ಕಾರ, ಸಂಜೆ ಒಂದು. ನಾವೇನು ಕುರುಡ್ರೇನೋ?"

ನೆಟ್ಟಗೆ ಕೂತೂ ಓಡಿಸಬಹುದೆಂದು ತೋರಿಸಲು ಹೊರಟೆ. ಹ್ಯಾಂಡಲ್ ಕೈಗೆ ಎಟುಕಲಿಲ್ಲ. ಲೋಕದ ಅಪರೂಪದ ಗಾಡಿ ಎರಡು ಮಾರು ಹೋಗಿ ಚರಂಡಿಯಲ್ಲಿ ಮಲಗಿತು. ಎತ್ತಲು ತಿಪ್ಪೇಸ್ವಾಮಿಯ ಕಾಲ ಬಳಿಯೇ ಬಗ್ಗಬೇಕಾಯಿತು.

"ಸಾಕು ಬಿಡಲೇ," ಎಂದ ಅವನು, ನಿಜವಾದ ಕನಿಕರದಿಂದ, "ಒಂದ್ಸಲಕ್ಕೇ ಒಪ್ಕಂಡೀನಿ."

ಮಾರನೆಯ ದಿನ ಬಾಷಾನ ಬಳಿ ಹ್ಯಾಂಡಲ್ ಬದಲಿಸಿಕೊಂಡೆ. ಅವನು ಹೇಳಿದಂತೆ ಅರ್ಧ ದಿನ ಹಿಡಿಯಿತು. ಸೋಮವಾರದ ನೀರು ಇಂದಿಗೂ ತಿಪ್ಪೇಸ್ವಾಮಿಯ ಈರುಳ್ಳಿಗೆ ಹೋಗುತ್ತದೆ.