ಮೀನುಗಳ ಕ್ಷೇಮ ಸಮಾಚಾರ

ಬರೆದದ್ದನ್ನು ಮನೆಯವರೇ ಓದುವುದಿಲ್ಲ ಎಂಬುದು ಬರೆಯುವವರ ಹಳೆಯ ಅಳಲು. ನನಗೋ ಅದೇ ದೊಡ್ಡ ಧೈರ್ಯ. ಇಲ್ಲದಿದ್ದರೆ ಇದನ್ನು ಹೇಳುತ್ತಲೇ ಇರಲಿಲ್ಲ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ನಾನು ಮೀನು ಹಿಡಿಯುತ್ತೇನೆ. ತಿನ್ನಲಿಕ್ಕಲ್ಲ, ಹಿಡಿದು, ಕೊಕ್ಕೆ ಬಿಡಿಸಿ, ನೀರಿಗೇ ಬಿಟ್ಟು ಬರಲಿಕ್ಕೆ. ಅಮೆರಿಕದ ಬಾಥೆಲ್‌ನಲ್ಲಿ ನಮ್ಮ ಪಕ್ಕದ ಮನೆಯ ಮುದುಕ ಗ್ಯಾರಿ ಹತ್ತಿಸಿದ ಹುಚ್ಚಿದು. ಟ್ರೌಟ್ ಮೀನಿಗೆ ಕ್ಯಾಡಿಸ್ ಹುಳುವೆಂದರೆ ಪ್ರಾಣ. ಹೊಳೆಯ ತಳದ ಗೂಡಿನಲ್ಲಿ ಪ್ಯೂಪಾ ಆಗಿ ಮಲಗಿದ್ದ ಅದು ರೆಕ್ಕೆ ಬಿಚ್ಚಲೆಂದು ಮೇಲೇಳುವಾಗ ಮೀನು ಗಬಕ್ಕನೆ ಬಾಯಿ ಹಾಕುತ್ತದೆ. ಪುಟ್ಟ ಕೊಕ್ಕೆಗೆ ದಾರ, ತುಪ್ಪಳ ಸುತ್ತಿ ನಾವು ಆ ಪ್ಯೂಪಾದ ನಕಲು ಕಟ್ಟಬೇಕು. ನನ್ನದಕ್ಕೆ ಹಸಿರು ಮೈ ಬಂದದ್ದು ಹೆಂಡತಿ ಸುಧಾಳ ರೇಷ್ಮೆ ಸೀರೆಯ ಕುಚ್ಚಿನಿಂದ. "ಕುಚ್ಚು ಹೋದ್ರೆ ಹೋಗ್ಲಿ ರೀ, ಒಂದು ಜೀವ ಹೋಗ್ಬಾರ್ದು" ಎಂದಿದ್ದಳು. ಮಾತು ಕೊಟ್ಟಿದ್ದೆ. ಸಕ್ಕರೆ ಡಬ್ಬಿಯನ್ನು ಬಿಸಿಲಿಗಿಟ್ಟು, "ಹೊರಡ್ರಪ್ಪ, ಊಟ ಆಯ್ತಲ್ಲ" ಎಂದು ಇರುವೆಗಳನ್ನು ಬೀಳ್ಕೊಡುತ್ತಿದ್ದ ಅಜ್ಜಿಯ ಮೊಮ್ಮಗ ನಾನು. ಮಾತು ಕೊಡುವುದು ಕಷ್ಟವೇ? ಹೊಳೆಯಿಂದ ಹಿಂದಿರುಗಿದಾಗಲೆಲ್ಲ ಸುಧಾ ಬಾಗಿಲಲ್ಲೇ, ಬೀಗರ ಮನೆಯವರನ್ನು ವಿಚಾರಿಸಿದಂತೆ, "ಏನ್ರೀ, ಎಲ್ಲರೂ ಕ್ಷೇಮನಾ?" ಎನ್ನುವಳು.

ಕಳೆದ ಬೇಸಿಗೆಯ ಒಂದು ಬೆಳಗ್ಗೆ, ಮನೆಯಿಂದಲೇ ಕೆಲಸ ಎಂದು ಆಫೀಸಿಗೆ ತಿಳಿಸಿ, ಸ್ನೋಕ್ವಾಲ್ಮಿ ಹೊಳೆಯ ಮಂಡಿಯುದ್ದ ನೀರಿನಲ್ಲಿ ನಿಂತಿದ್ದೆ. ಕಿವಿಯಲ್ಲಿ ಒಂಬತ್ತರ ಮೀಟಿಂಗು. ನನ್ನ ಸರದಿ ಬಂದಾಗ ಮ್ಯಾನೇಜರ್, ಕೆಲಸಕ್ಕೇನಾದರೂ ಅಡ್ಡಿ ಇದೆಯೇ ಎಂದು ಕೇಳಿದರು. "ನೋ ಬ್ಲಾಕರ್ಸ್" ಎಂದೆ. ಆ ಕ್ಷಣಕ್ಕೇ ಗಾಳದ ದಾರ ಅದುರಿತು. ಕೂಡಲೇ ಎಳೆದಿದ್ದರೆ ಕೊಕ್ಕೆ ತುಟಿಯಲ್ಲೇ ನಿಲ್ಲುತ್ತಿತ್ತು. ನಾನು ಮ್ಯೂಟ್ ಒತ್ತಲು ತಡಕಾಡಿದೆ, ಮೀನು ನುಂಗಿಬಿಟ್ಟಿತು.

ಅಂಗೈಗಿಂತ ಸ್ವಲ್ಪ ಉದ್ದದ ಮೀನು. ಗಂಟಲಾಳದಲ್ಲಿ ಸುಧಾಳ ಸೀರೆಯ ಹಸಿರು ಎಳೆ. ಆಳಕ್ಕೆ ಹೋದರೆ ಕೀಳಬೇಡ, ದಾರ ಕತ್ತರಿಸಿ ಬಿಟ್ಟುಬಿಡು ಎಂದು ಗ್ಯಾರಿ ಹೇಳಿಕೊಟ್ಟಿದ್ದ. ಗಾಬರಿಯಲ್ಲಿ ಕಿತ್ತೆ. ಕಿವಿರಿನಿಂದ ರಕ್ತ ಬಂತು. ಹರಿವಿಗೆ ಮುಖ ಮಾಡಿಸಿ ಎರಡೂ ಕೈಯಲ್ಲಿ ಹಿಡಿದು, "ಉಸಿರಾಡೋ ಮಾರಾಯ, ಉಸಿರಾಡೋ" ಎಂದು ಬೇಡಿಕೊಂಡೆ. ಮ್ಯೂಟ್ ಆಗಿರಲಿಲ್ಲ. "ಯಾರಿಗ್ ಸಾರ್ ಉಸಿರಾಡು ಅಂತಿರೋದು? ಸರ್ವರ್‌ಗಾ?" ಎಂದ, ಮೀಟಿಂಗಿನಲ್ಲಿದ್ದ ಮೈಸೂರಿನ ಹುಡುಗ. ಅವನೇ ಅದನ್ನು ಇಂಗ್ಲಿಷಿಗಿಳಿಸಿದ ಮೇಲೆ ಎಲ್ಲರೂ ನಕ್ಕರು. ಕೈ ಸಡಿಲಿಸಿದೆ. ಮೀನು ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು, ಅವಸರವಿಲ್ಲದೆ, ತಿರುವಿನತ್ತ ತೇಲಿಹೋಯಿತು.

"ಎಲ್ಲರೂ ಕ್ಷೇಮನಾ?"

"ಕ್ಷೇಮ" ಎಂದೆ.

"ಕೈ ತೊಳ್ಕೊಂಡ್ ಬನ್ನಿ, ಬಿಸಿಬೇಳೆಬಾತ್ ಮಾಡಿದೀನಿ."

ತಿನ್ನುವವನು ಕೊಂದರೆ ಹಸಿವಿನ ಮೇಲೆ ಹೊರಿಸಬಹುದು. ನಾನು ಯಾವುದರ ಮೇಲೆ ಹೊರಿಸಲಿ? ಹಾಗೆಂದು ಯೋಚಿಸುತ್ತಲೇ ಎರಡು ಸಲ ಬಡಿಸಿಕೊಂಡು ಉಂಡೆ.

ಈಗ ಕೊಕ್ಕೆಯ ಮೊನೆಯನ್ನೇ ಕತ್ತರಿಸಿ ಪ್ಯೂಪಾ ಕಟ್ಟುತ್ತೇನೆ. ಮೀನು ಬಾಯಿ ಹಾಕುತ್ತದೆ, ಮೋಸ ಗೊತ್ತಾಗಿ ಉಗುಳಿ ಹೋಗುತ್ತದೆ. ಗ್ಯಾರಿ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಬಾಗಿಲಲ್ಲಿ ಸುಧಾ ಕೇಳುತ್ತಾಳೆ, ನಾನು ಕ್ಷೇಮ ಎನ್ನುತ್ತೇನೆ. ಈಗ ಅದು ಅಪ್ಪಟ ನಿಜ. ಆದರೂ ಪ್ರತಿ ಸಲ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ. ಸುಳ್ಳು ಹೇಳಿದ ಆ ದಿನ ಮಾತ್ರ ಅದೇ ಮಾತು ಎಷ್ಟು ಸಲೀಸಾಗಿ ಬಂದಿತ್ತು!