ಎದುರು ಮನೆಯ ಸಂತ

ಎಲ್ಲಕ್ಕೂ ಮೂಲ, ಬೋರಾ ಮಲೇಶೆವನ ಕೋಟು ಮಡಚಲು ಬಾರದ ಬಟ್ಟೆಯದಾಗಿದ್ದುದು. ಹೆಂಡತಿ ನೆವೆನ್ಕಾ ಅದನ್ನು ಇಸ್ತ್ರಿ ಮಾಡಿ ಬಾಗಿಲಿಗೆ ತೂಗುಹಾಕಿ, "ಚೀಲದಲ್ಲಿ ತುರುಕಿಕೊಂಡು ಹೋದ್ರೆ ನಾನಂತೂ ಇನ್ನೊಂದ್ಸಲ ಇಸ್ತ್ರಿಪೆಟ್ಟಿಗೆ ಮುಟ್ಟಲ್ಲ, ಈಗ್ಲೇ ಹೇಳಿದೀನಿ" ಎಂದಿದ್ದಳು. ಹಾಗಾಗಿ ಶುಕ್ರವಾರ ಬೆಳಿಗ್ಗೆ ಬೋರಾ ತನ್ನ ಮದುವೆಯ ಕಪ್ಪು ಕೋಟನ್ನು ತೊಟ್ಟುಕೊಂಡೇ ಕಚೇರಿಗೆ ಹೊರಟ.

ಬೇರೆ ಯಾವ ಕಚೇರಿಯಾಗಿದ್ದರೂ ಇದು ಸುದ್ದಿಯಲ್ಲ. ಬೋರಾನದು ನೋವಿ ಸಾದ್ ನಗರದ ಹಳೆಯ ಕಾರ್ಖಾನೆಯೊಂದರಲ್ಲಿ ಮೊಬೈಲ್ ಆಟಗಳನ್ನು ತಯಾರಿಸುವ ಕಚೇರಿ. ಅಲ್ಲಿಯ ಮಾಲೀಕ ವುಕ್, ಬೋರಾಗಿಂತ ಹದಿಮೂರು ವರ್ಷ ಚಿಕ್ಕವನು, ಚಳಿಗಾಲದಲ್ಲೂ ಚಪ್ಪಲಿಯಲ್ಲಿ ಬರುತ್ತಿದ್ದ. ಉಳಿದವರು ಮಾಸಿದ ಟೀ ಶರಟು, ಮೊಣಕಾಲಲ್ಲಿ ಹರಿದ ಜೀನ್ಸ್. ಎಲ್ಲರೂ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸಬೇಕೆಂಬುದು ನಿಯಮ. ಇಂಥ ಕಡೆ ಒಬ್ಬ ಟೈ ಕಟ್ಟಿಕೊಂಡು ಬಂದರೆ ಅದಕ್ಕೆ ಮೂರೇ ಅರ್ಥ: ಸಾವಾಗಿದೆ, ಕೋರ್ಟಿನಲ್ಲಿ ಕೇಸಿದೆ, ಇಲ್ಲವೇ ಬೇರೆ ಕಡೆ ಕೆಲಸಕ್ಕೆ ಸಂದರ್ಶನವಿದೆ.

ಇದ್ದದ್ದು ಮೂರನೆಯದು. ಮಧ್ಯಾಹ್ನ ಎರಡಕ್ಕೆ ಒಂದು ಬ್ಯಾಂಕಿನಲ್ಲಿ. ಮೇಜು, ಕುರ್ಚಿ, ಮುಚ್ಚಿಕೊಳ್ಳುವ ಬಾಗಿಲು ಇರುವ ಕೆಲಸ. ಆದರೆ ಬ್ಯಾಂಕು ಕೈಗೆ ಸಿಗುವವರೆಗೆ ಇದನ್ನು ಬಿಡುವಂತಿರಲಿಲ್ಲ. ಬೋರಾನ ಒಪ್ಪಂದ ಮುಂದಿನ ತಿಂಗಳಿಗೆ ಮುಗಿಯುತ್ತಿತ್ತು, ನವೀಕರಿಸುವುದು ವುಕ್‌ನ ಮರ್ಜಿ. ಒಂದು ಕಣ್ಣು ಬಾಗಿಲ ಮೇಲಿಟ್ಟವನಿಗೆ ತಾನು ಸಹಿ ಹಾಕುವುದಿಲ್ಲ ಎಂದು ಅವನು ಎಷ್ಟೋ ಸಲ ಹೇಳಿದ್ದ.

ಬೋರಾ ಒಳಗೆ ಕಾಲಿಟ್ಟಾಗ ಬಾತುಕೋಳಿಗಳ ಕೊಳಕ್ಕೆ ಪಾದ್ರಿ ಇಳಿದಂತಾಯಿತು. ಎಲ್ಲ ತಲೆಗಳೂ ಒಟ್ಟಿಗೇ ತಿರುಗಿದವು.

ಮೊದಲು ಎದ್ದು ಬಂದವಳು ಲೆಕ್ಕಪತ್ರದ ಸ್ಮಿಲ್ಯಾ. ಆ ಕಚೇರಿಯಲ್ಲಿ ಬೋರಾಗಿಂತ ಹಿರಿಯಳು ಅವಳೊಬ್ಬಳೇ. ಯಾರ ಮನೆಯಲ್ಲಿ ಯಾರಿಗೆ ಯಾವ ಹಲ್ಲು ನೋಯುತ್ತಿದೆ ಎಂಬುದೂ ಅವಳಿಗೆ ಗೊತ್ತು.

"ಯಾರು ಹೋದ್ರಪ್ಪ?" ಎಂದು ಮೆಲ್ಲಗೆ ಕೇಳಿದಳು.

ಯಾರೂ ಹೋಗಿಲ್ಲವೆಂದ ಬೋರಾ. ಕೇಸೇನಾದರೂ ಇದೆಯಾ ಎಂದಳು. ಇಲ್ಲವೆಂದ. ಸ್ಮಿಲ್ಯಾಳ ಕಣ್ಣು ಸಣ್ಣದಾಯಿತು. ಅವಳ ಹಿಂದೆ ವುಕ್ ಕಾಫಿ ಲೋಟ ಹಿಡಿದು ನಿಂತಿದ್ದ.

ಆ ಗಳಿಗೆಯಲ್ಲಿ ಬೋರಾನ ಮೂಗಿಗೆ ನೆನಪಾದದ್ದು ಮೀನಿನ ವಾಸನೆ. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಎದುರು ಮನೆಯ ಲಾಜಾ ಚಿಕ್ಕಪ್ಪನ ಅಡುಗೆಮನೆಯಿಂದ ಬರುತ್ತಿತ್ತು. ನೆಂಟನೇನಲ್ಲ, ಆ ಮುದುಕನನ್ನು ಕಟ್ಟಡದವರೆಲ್ಲ ಕರೆಯುವುದೇ ಹಾಗೆ. ಅಂದು ಸಂತ ಲೂಕನ ದಿನ, ಲಾಜಾ ಚಿಕ್ಕಪ್ಪನ ಮನೆತನದ ಸ್ಲಾವಾ ಹಬ್ಬ. ನಮ್ಮಲ್ಲಿ ಪ್ರತಿ ಮನೆತನಕ್ಕೂ ಒಬ್ಬ ಸಂತನಿರುತ್ತಾನೆ. ಅಪ್ಪನಿಂದ ಮಗನಿಗೆ ಬರುವ ಆಸ್ತಿಗಳಲ್ಲಿ ಯಾರೂ ಜಗಳಾಡದೆ ಹಂಚಿಕೊಳ್ಳುವುದು ಅವನೊಬ್ಬನನ್ನೇ. ಆ ಸಂತನ ದಿನ ಒಳ್ಳೆಯ ಬಟ್ಟೆ ತೊಡುತ್ತಾರೆ.

"ಇವತ್ತು ನಮ್ಮ ಸ್ಲಾವಾ," ಎಂದುಬಿಟ್ಟ ಬೋರಾ. "ಸಂತ ಲೂಕ."

ಮಾತು ಬಾಯಿಂದ ಹೊರಬಿದ್ದಾಗ ಅವನಿಗೆ ಹಾಯೆನಿಸಿತು. ಕಚೇರಿ ಸೇರಿ ಹತ್ತು ತಿಂಗಳಷ್ಟೇ ಆಗಿತ್ತು, ತನ್ನ ನಿಜವಾದ ಸಂತ ಯಾರೆಂದು ಅಲ್ಲಿ ಯಾರಿಗೂ ತಿಳಿಯದು. ಎಲ್ಲರೂ ಬಂದು ಕೈ ಕುಲುಕಿದರು, ಮೂರು ಮೂರು ಸಲ ಕೆನ್ನೆಗೆ ಮುತ್ತಿಟ್ಟರು. ಆದರೆ ಸ್ಮಿಲ್ಯಾ ಮಾತ್ರ ಅಲ್ಲೇ ನಿಂತಿದ್ದಳು.

"ಅಲ್ಲಪ್ಪಾ, ಸ್ಲಾವಾ ದಿನ ಯಜಮಾನ ಮನೆ ಬಿಟ್ಟು ಇಲ್ಲಿ ಏನ್ ಮಾಡ್ತಾ ಇದಾನೆ? ಕಾಯಿದೇಲೇ ರಜೆ ಇದೆಯಲ್ಲ. ಮನೇಲಿ ಸಂತನ ಮುಂದೆ ಹಚ್ಚಿಟ್ಟ ಮೇಣದಬತ್ತಿ ಯಾರು ನೋಡ್ಕೊತಾರೆ?"

ವುಕ್ ತಕ್ಷಣ ಅವನನ್ನು ಬಾಗಿಲಿನವರೆಗೆ ಕರೆದೊಯ್ದ. ಹಬ್ಬದ ದಿನವೂ ಕಚೇರಿಯನ್ನು ನೆನೆಯುವ ಮನುಷ್ಯ ತನಗೆ ಸಿಕ್ಕಿದ್ದಾನೆಂದು ಎಲ್ಲರಿಗೂ ಕೇಳುವಂತೆ ಹೇಳಿದ. ಒಪ್ಪಂದದ ವಿಷಯ ಸೋಮವಾರ ಮುಗಿಸೋಣ ಎಂದ. ಬೋರಾ ಬೀದಿಗೆ ಬಂದು ನಿಂತಾಗ ಕೈಯಲ್ಲಿ ರಜೆಯಿತ್ತು, ಮೈಮೇಲೆ ಕೋಟಿತ್ತು, ಎರಡು ಗಂಟೆಯಾಗಲು ಬೇಕಾದಷ್ಟು ಹೊತ್ತಿತ್ತು. ಸುಳ್ಳೊಂದು ಇಷ್ಟು ಚೆನ್ನಾಗಿ ಫಲ ಕೊಟ್ಟಿದ್ದನ್ನು ಅವನು ಕಂಡಿರಲಿಲ್ಲ. ಶುಭಾಶಯದ ಕರೆಗಳು ಸಂದರ್ಶನದ ನಡುವೆ ಬಾರದಿರಲೆಂದು ಫೋನನ್ನು ಆರಿಸಿಟ್ಟ.

ಬ್ಯಾಂಕಿನ ಸ್ವಾಗತ ಮೇಜಿನ ಹುಡುಗಿ ಅವನ ಹೆಸರು ಕೇಳಿ ಹುಬ್ಬು ಮೇಲೇರಿಸಿದಳು. ವಿಭಾಗದ ಮುಖ್ಯಸ್ಥರು ಇಂದು ಬಂದಿಲ್ಲ, ಅವರ ತಂದೆಯ ಮನೆಯಲ್ಲಿ ಸ್ಲಾವಾ, ದಿನ ಗೊತ್ತುಮಾಡುವಾಗ ತಾನೇ ಗಮನಿಸಲಿಲ್ಲ, ಬೆಳಿಗ್ಗೆಯೇ ಸಂದೇಶ ಕಳಿಸಿದ್ದೆನಲ್ಲ ಎಂದಳು. ಬೋರಾ ಪರವಾಗಿಲ್ಲವೆಂದ. ಸಂತ ಲೂಕನ ಮೇಲೆ ಸಿಟ್ಟಾಗಲು ತನಗೆ ಮುಖವಿಲ್ಲವೆಂದು ಅವನಿಗೇ ಗೊತ್ತಿತ್ತು.

ದಾನ್ಯೂಬ್ ನದಿಯ ದಂಡೆಯ ಬೆಂಚೊಂದರ ಮೇಲೆ ಕೂತು ಹೊತ್ತು ಕಳೆದ. ಸಂಜೆ ಮನೆಯತ್ತ ಹೊರಡುವ ಮುನ್ನ ಫೋನನ್ನು ಮತ್ತೆ ಹಚ್ಚಿದ. ಬ್ಯಾಂಕಿನ ಸಂದೇಶ ಬಂತು. ಅದರ ಬೆನ್ನಿಗೇ ಸ್ಮಿಲ್ಯಾಳದು: "ಎಲ್ರೂ ಹೊರಟ್ವಿ. ನಿನ್ನ ವಿಳಾಸ ನನ್ನತ್ರ ಇದೆ."

ಸ್ಲಾವಾಕ್ಕೆ ಯಾರನ್ನೂ ಕರೆಯುವುದಿಲ್ಲ, ಕರೆಯಲೇಬಾರದು; ನೆನಪಿದ್ದವರು ತಾವಾಗಿ ಬರುತ್ತಾರೆ, ಬಂದವರಿಗೆ ಬಡಿಸಬೇಕು. ಇದನ್ನು ಅವನು ತೊಟ್ಟಿಲಲ್ಲೇ ಕಲಿತಿದ್ದ, ಆದರೆ ಅಂದು ಬೆಳಿಗ್ಗೆ ಮರೆತಿದ್ದ. ನೆವೆನ್ಕಾಳಿಗೆ ಔಷಧಿ ಅಂಗಡಿಯಲ್ಲಿ ಸಂಜೆ ಪಾಳಿ. ಮನೆಯಲ್ಲಿದ್ದದ್ದು ಅರ್ಧ ಬ್ರೆಡ್ಡು, ಒಂದಿಷ್ಟು ಸಾಸೇಜು. ಅದೂ ಶುಕ್ರವಾರ, ಮೀನು ನಡೆದರೂ ಮಾಂಸ ಮುಟ್ಟದ ಉಪವಾಸದ ದಿನ. ಸಾಸೇಜು ಬಡಿಸುವುದಕ್ಕಿಂತ ಬಾಗಿಲಿಗೆ ಬೀಗ ಹಾಕಿಕೊಳ್ಳುವುದು ಮೇಲು. ದಾರಿಯಲ್ಲಿ ಒಂದು ಬಾಟಲಿ ರಾಕಿಯಾ, ಹಣ್ಣಿನ ಸಾರಾಯಿ, ಕೊಂಡು ಓಡಿದ.

ಮೂರನೇ ಮಹಡಿಗೆ ಏದುಸಿರು ಬಿಡುತ್ತ ಬಂದರೆ, ಅವನ ಮನೆಯ ಬಾಗಿಲು ಮುಚ್ಚಿದೆ, ಎದುರು ಯಾರೂ ಇಲ್ಲ. ಲಾಜಾ ಚಿಕ್ಕಪ್ಪನ ಬಾಗಿಲು ಹಬ್ಬದ ಪದ್ಧತಿಯಂತೆ ಹಾರು ಹೊಡೆದಿದೆ. ಆ ಬಾಗಿಲ ಹೊರಗೆ ಚಳಿಗಾಲದಲ್ಲಿ ಯಾವ ಸಭ್ಯನೂ ಮೆಟ್ಟದ ಒಂದು ಜೊತೆ ಚಪ್ಪಲಿ.

ಬೋರಾ ಇಣುಕಿದ. ಇಡೀ ಕಚೇರಿ ಲಾಜಾ ಚಿಕ್ಕಪ್ಪನ ಮೇಜಿನ ಸುತ್ತ ಕೂತಿತ್ತು.

ಆದದ್ದು ಇಷ್ಟೇ. ಅವರು ಮೆಟ್ಟಿಲು ಹತ್ತಿದರು, ತೆರೆದ ಬಾಗಿಲು ಕಂಡಿತು, ಮೀನಿನ ಘಮ ಬಂತು, ಒಳಗೆ ಬಂದರು. ಬಾಗಿಲಲ್ಲಿ ಒಬ್ಬ ಮುದುಕ ಬೇಯಿಸಿದ ಸಿಹಿ ಗೋಧಿಯ ಬಟ್ಟಲು ಹಿಡಿದ, ತಲಾ ಒಂದು ಚಮಚ ತಿಂದರು, ಶಿಲುಬೆ ಗುರುತು ಮಾಡಿದರು, ಕೂತರು. ಅವರು ಆತನನ್ನು ಬೋರಾನ ಅಪ್ಪನೆಂದುಕೊಂಡರು. ಅವನು ಇವರನ್ನು ಬ್ಯಾಂಕಿನಲ್ಲಿರುವ ತನ್ನ ಮಗನ ಸಹೋದ್ಯೋಗಿಗಳೆಂದುಕೊಂಡ. ಹರಿದ ಜೀನ್ಸು ನೋಡಿ, ಬ್ಯಾಂಕುಗಳು ಮುಳುಗುತ್ತಿವೆ ಎಂಬ ಸುದ್ದಿ ನಿಜವೇ ಇರಬೇಕೆಂದು ಮರುಗಿದ. ಬಂದ ಅತಿಥಿಯನ್ನು ನೀನು ಯಾರೆಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಬೋರಾ ಎಲ್ಲಿ ಎಂದು ಅವರು ಕೇಳಿದ್ದಕ್ಕೆ, "ಬರ್ತಾನೆ ಬರ್ತಾನೆ, ಪ್ರತಿ ವರ್ಷ ಬರ್ತಾನೆ" ಎಂದಿದ್ದ. ಅದು ಅವರಿಗೆ ತುಸು ವಿಚಿತ್ರವೆನಿಸಿತ್ತು, ಆದರೆ ಮೀನು ಬಿಸಿಯಾಗಿತ್ತು.

"ಯಜಮಾನ ಬಂದ," ಎಂದು ವುಕ್ ಎದ್ದ.

ಬೋರಾ ಕುರ್ಚಿಗೆ ಕೈ ಹಾಕುವಷ್ಟರಲ್ಲಿ ಸ್ಮಿಲ್ಯಾ ತಡೆದಳು. ಸ್ಲಾವಾ ದಿನ ಯಜಮಾನ ಕೂರುವುದಿಲ್ಲ, ನಿಂತು ಬಡಿಸುತ್ತಾನೆ. ಮೀನಿನ ತಟ್ಟೆಯನ್ನು ಅವನ ಕೈಗೇ ಕೊಟ್ಟಳು. ಬೋರಾ ಬಡಿಸಿದ. ಅತ್ತ ಕಡೆಯಿಂದ ಲಾಜಾ ಚಿಕ್ಕಪ್ಪನೂ ಬಡಿಸುತ್ತಿದ್ದ. ನೆರೆಯವನ ಈ ಉಪಕಾರಕ್ಕೆ ಮುದುಕನ ಕಣ್ಣು ಒದ್ದೆಯಾಯಿತು. ಒಂದು ಮನೆಗೆ ಇಬ್ಬರು ಯಜಮಾನರು, ಮೀನಿನೆಣ್ಣೆ ಬೋರಾನ ತೋಳಿನ ಮೇಲೆ ಮೊಣಕೈವರೆಗೆ ಹರಿಯುತ್ತಿತ್ತು. ಇನ್ನೊಂದು ಅರ್ಧ ಗಂಟೆ ಹೀಗೇ ಸಾಗಿದರೆ ಬಚಾವು ಎಂದು ಅವನು ಎಣಿಸುತ್ತಿದ್ದ.

ಆಗ ವುಕ್ ಲೋಟ ಎತ್ತಿದ. "ಬೋರಾನ ಮನೆ ತುಂಬಿರಲಿ. ಅವನ ಸಂತ ಲೂಕ ಅವನನ್ನ ಕಾಪಾಡಲಿ."

ಲಾಜಾ ಚಿಕ್ಕಪ್ಪ ತನ್ನ ಲೋಟವನ್ನೂ ಎತ್ತಿ, ಸಮಾಧಾನವಾಗಿ ತಿದ್ದಿದ. "ಬೋರಾನ ಮನೆ ಎದುರುಗಡೇದು, ಮಗಾ. ಅವನ ಸಂತ ನಿಕೋಲ, ಡಿಸೆಂಬರಲ್ಲಿ. ಪ್ರತಿ ವರ್ಷ ನಾನೇ ಹೋಗಿ ಕುಡ್ದು ಬರ್ತೀನಿ."

ಎಲ್ಲ ತಲೆಗಳೂ ಮತ್ತೆ ಬೋರಾನತ್ತ ತಿರುಗಿದವು. ಅಷ್ಟರಲ್ಲಿ ಅಡುಗೆಮನೆಯಿಂದ ಲಾಜಾ ಚಿಕ್ಕಪ್ಪನ ಮಗ ನೆನಾದ್ ಬ್ರೆಡ್ಡಿನ ಬುಟ್ಟಿ ಹಿಡಿದು ಬಂದ. ಹಳೆಯ ಸ್ವೆಟರು, ಜೀನ್ಸು. ಇಷ್ಟು ವರ್ಷ ಬೇರೆ ಊರಿನಲ್ಲಿದ್ದವನು, ಅವನೂ ಬೋರಾನೂ ಒಬ್ಬರನ್ನೊಬ್ಬರು ಕಂಡಿರಲಿಲ್ಲ. "ಬೋರಾ ಅಂದ್ರೆ ಬೋರಿವೋಯ್ ಮಲೇಶೆವ ಅನ್ನೋರಾ?" ಎಂದ. "ಎರಡು ಗಂಟೆಗೆ ನನ್ನ ಹತ್ರ ಸಂದರ್ಶನಕ್ಕೆ ಬರಬೇಕಾಗಿದ್ದೋರು ನೀವೇನಾ? ಸಂದೇಶ ತಲುಪಲಿಲ್ವಾ?"

ಬೋರಾ ತಟ್ಟೆಯನ್ನು ಕೆಳಗಿಡಲು ಜಾಗ ಹುಡುಕಿದ. ಸಿಗಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದ, ಇಸ್ತ್ರಿಯಿಂದ ಹಿಡಿದು.

ನೆನಾದ್ ಪೂರ್ತಿ ಕೇಳಿಸಿಕೊಂಡ. "ನಾನು ನನ್ನ ಹಬ್ಬಕ್ಕೆ ರಜೆ ಹಾಕಿದೆ," ಎಂದ. "ನೀವೂ ನನ್ನ ಹಬ್ಬಕ್ಕೇ ರಜೆ ಹಾಕಿದ್ರಿ. ತಪ್ಪು ತಿಳೀಬೇಡಿ, ಆದ್ರೆ ಕೆಲಸ ಏನು ಗೊತ್ತಲ್ಲ? ಸಾಲಕ್ಕೆ ಬಂದೋರು ಪಕ್ಕದ ಮನೆ ತೋರಿಸಿ ನಮ್ಮದು ಅಂತಾರೆ. ಅಂಥೋರನ್ನ ಹಿಡಿಯೋದು."

ಬ್ಯಾಂಕು ಅಲ್ಲಿಗೆ ಮುಗಿಯಿತು. ಬೋರಾ ವುಕ್‌ನತ್ತ ತಿರುಗಿದ. ವುಕ್ ಮೀನಿನ ಮುಳ್ಳನ್ನು ನಿಧಾನವಾಗಿ ಬಿಡಿಸುತ್ತಿದ್ದ.

"ನಿಕೋಲ ಯಾವತ್ತು?"

"ಡಿಸೆಂಬರ್ ಹತ್ತೊಂಬತ್ತು."

"ಸರಿ. ಅಲ್ಲೀವರೆಗೆ ಒಪ್ಪಂದ ಹೀಗೇ ಎಳೀಲಿ. ಹತ್ತೊಂಬತ್ತಕ್ಕೆ ನಿನ್ನ ಮನೇಲಿ, ಊಟ ಆದ್ಮೇಲೆ ಮಾತಾಡೋಣ." ಸುತ್ತ ಕೂತ ಹರಿದ ಜೀನ್ಸುಗಳ ಕಡೆ ಕೈ ಬೀಸಿದ. "ಎಲ್ರೂ ಬರ್ತೀವಿ. ಕರೀಬೇಕಾಗಿಲ್ಲ."

ಪಾಳಿ ಮುಗಿಸಿ ಬಂದ ನೆವೆನ್ಕಾ ಕೋಟನ್ನು ಮೂಸಿ ನೋಡಿ, ಒಂದೇ ಪ್ರಶ್ನೆ ಕೇಳಿದಳು: ಅಷ್ಟು ಜನಕ್ಕೆ ಮೀನು ಹುರಿಯುವವರು ಯಾರು?

ಸೋಮವಾರ ಬೋರಾ ಬುದ್ಧಿ ಕಲಿತಿದ್ದ. ಮನೆಯಲ್ಲಿದ್ದುದರಲ್ಲೇ ಹಳೆಯ ಜೀನ್ಸು ಹುಡುಕಿ, ಬಣ್ಣಗೆಟ್ಟ ಟೀ ಶರಟು ತೊಟ್ಟು, ಯಾರ ಕಣ್ಣಿಗೂ ಬೀಳದಂತೆ ಗೋಡೆಗೆ ಒತ್ತಿಕೊಂಡು ಕಚೇರಿಯೊಳಗೆ ಬಂದ.

ಎಲ್ಲರೂ ಕೋಟು ತೊಟ್ಟು, ಟೈ ಕಟ್ಟಿ ಕೂತಿದ್ದರು. ವುಕ್ ಬೂಟು ಹಾಕಿದ್ದ. ಸ್ಮಿಲ್ಯಾ ಮುತ್ತಿನ ಸರ ತೊಟ್ಟಿದ್ದಳು. ಅವಳು ಕನ್ನಡಕದ ಮೇಲಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇದೇನಪ್ಪಾ ಈ ವೇಷ?" ಎಂದಳು. "ಬೇರೆ ಕಡೆ ಸಂದರ್ಶನ ಇದೆಯಾ?"