ಖಾಲಿ ಪೆಟ್ಟಿನ ಒತ್ತುವರಿ

ಹಾಡುಗಳು ಒಂದರೊಳಗೊಂದು ಬೆರೆಯುವುದನ್ನು ನಿಯಂತ್ರಿಸಲು ಆ ಊರಿನಲ್ಲಿ ಒಂದು ಕಚೇರಿ ಇತ್ತು. ಹೆಸರು ಸಂಗೀತ ಮಿಶ್ರಣ ಪರವಾನಗಿ ಕಚೇರಿ. ಎರಡನೇ ಮಹಡಿ, ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ, ಊಟದ ವಿರಾಮದಲ್ಲಿ ಗುನುಗುವಂತಿಲ್ಲ. ಹಿಪ್‌ಹಾಪ್‌ಗೆ ಒಂದನೇ ಕೌಂಟರು, ರೆಗೆಗೆ ಎರಡನೆಯದು, ಡ್ಯಾನ್ಸ್‌ಹಾಲ್‌ಗೆ ಮೂರನೆಯದು. ನಿಯಮ ಹದಿನಾಲ್ಕರಂತೆ ಈ ಮೂರನ್ನೂ ಬೆರೆಸಲು ಯಾವ ಅಡ್ಡಿಯೂ ಇರಲಿಲ್ಲ. ಬೆರೆಸಿದ ಮೇಲೆ ಅವು ಒಂದನ್ನೊಂದು ಮುಟ್ಟಬಾರದು, ಅಷ್ಟೇ. ಈ ನಿಯಮದಿಂದ ಯಾರಿಗಾದರೂ ತೊಂದರೆಯಾದ ದಾಖಲೆ ಇಲ್ಲ, ಏಕೆಂದರೆ ತೊಂದರೆಗಳನ್ನು ದಾಖಲಿಸುವ ಹುದ್ದೆ ಇನ್ನೂ ಮಂಜೂರಾಗಿರಲಿಲ್ಲ.

ಈ ಕಚೇರಿಗೆ ಒಂದು ಸೋಮವಾರ ಸಲೂನಿನ ಯಜಮಾನ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದ. ಹಗಲೆಲ್ಲ ಕತ್ತರಿ ಹಿಡಿಯುವ ಕೈ ಅದು, ಸಂಜೆಯಾದರೆ ಗಿಟಾರು ಹಿಡಿಯುತ್ತಿತ್ತು. ರೆಗೆ ಬಿಟ್ಟು ಬೇರೇನೂ ನುಡಿಸಿದವನಲ್ಲ. ತಾಳದ ಪೆಟ್ಟು ಬೀಳುವಾಗ ಅವನ ಕೈ ಸುಮ್ಮನಿರುತ್ತಿತ್ತು. ಪೆಟ್ಟು ಮುಗಿದು ಮುಂದಿನದು ಬರುವ ನಡುವಿನ ಖಾಲಿಯಲ್ಲಿ ಮಾತ್ರ 'ಚಕ್' ಎನ್ನುತ್ತಿತ್ತು. ಗಿರಾಕಿಗಳು ಉಸಿರು ಬಿಡುವ ಸಂದು ನೋಡಿ ಕಿವಿಯ ಹಿಂದೆ ಕತ್ತರಿ ಆಡಿಸುವ ಕಸುಬೇ ಇದನ್ನೂ ಕಲಿಸಿತ್ತು.

ಅದೇ ಕಟ್ಟಡದ ಮೇಲಿನ ಮನೆಯಲ್ಲಿ ಅವನ ಹೆಂಡತಿಯ ತಮ್ಮ, ಅಂದರೆ ಭಾಮೈದ, ಸ್ಪೀಕರ್ ರಿಪೇರಿ ಮಾಡಿಕೊಂಡಿದ್ದ. ಆಳೆತ್ತರದ ಪೆಟ್ಟಿಗೆಗಳನ್ನು ತಾನೇ ಕಟ್ಟಿ, ಡ್ಯಾನ್ಸ್‌ಹಾಲಿನ ಒಂದೇ ತಾಳ ಹಾಕಿ, ಅದರ ಮೇಲೆ ಯಾರು ಬೇಕಾದರೂ ಬಂದು ಹಾಡಿ ಹೋಗಲಿ ಎನ್ನುವ ಧಾರಾಳಿ. ಯಜಮಾನನ ಮಗಳು ಬಸ್ ಕಂಡಕ್ಟರು. ಮಾತಿಗೆ ಪ್ರಾಸ ಕಟ್ಟಿ ತಾಳಕ್ಕೆ ಕೂರಿಸುವ ಹಿಪ್‌ಹಾಪ್ ಅವಳದು. ಡ್ಯೂಟಿಯಲ್ಲೇ ದಿನಕ್ಕೆ ಎಂಟು ಗಂಟೆ ಅಭ್ಯಾಸವಾಗುತ್ತಿತ್ತು.

ಒಂದೇ ತೊಡಕು. ಭಾವ-ಭಾಮೈದರ ನಡುವೆ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ಯಾರದೋ ಸಮಾರಂಭದಲ್ಲಿ ಯಜಮಾನ ಮೈಮರೆತು ನುಡಿಸುತ್ತಿದ್ದಾಗ, ಸ್ಪೀಕರಿನ ಹಿಂದೆ ನಿಂತಿದ್ದ ಭಾಮೈದ ನಡುವೆಯೇ ಎಲ್ಲ ಬಂದ್ ಮಾಡಿ "ಮೊದಲಿಂದ!" ಎಂದು ಕೂಗಿದ್ದ. ಇನ್ನೂರು ಜನರ ಮುಂದೆ ಮರ್ಯಾದೆ ಹೋಯಿತೆಂದು ಯಜಮಾನ ಗಿಟಾರನ್ನು ಚೀಲಕ್ಕೆ ತುರುಕಿ ಮನೆಗೆ ನಡೆದ. ಆಮೇಲೆ ಅವರ ಮಾತುಕತೆಯೆಲ್ಲ ಹೆಂಡತಿಯ ಮೂಲಕ, ಮೆಟ್ಟಿಲು ಹತ್ತಿ ಇಳಿದು ನಡೆಯುತ್ತಿತ್ತು.

ಮಗಳಿಗೆ ಮದುವೆ ಗೊತ್ತಾದಾಗ ಅವಳು ಒಂದೇ ಷರತ್ತು ಹಾಕಿದಳು. "ಅಪ್ಪ, ಮಾವ ಇಬ್ಬರೂ ಸೇರಿ ನುಡಿಸಿದ ಹಾಡಿಗೆ ನಾನು ಕುಣೀಬೇಕು. ಇಲ್ಲಾಂದ್ರೆ ಹುಡುಗ ಒಬ್ಬನೇ ಮದುವೆ ಆಗಲಿ, ನಾನು ಡ್ಯೂಟಿಗೆ ಹೋಗ್ತೀನಿ." ಅಪ್ಪ ಕೆಳಗೆ ನುಡಿಸಿದ, ಮಾವ ಮೇಲೆ ತಾಳ ಹಾಕಿದ, ಅವಳು ತನ್ನ ಹನ್ನೆರಡು ಸಾಲು ಹೇಳಿ ಮೂರನ್ನೂ ಫೋನಿನಲ್ಲೇ ಹೊಲಿದಳು. ನಾಲ್ಕು ನಿಮಿಷದ ಹಾಡಾಯಿತು. ಕೇಳಿದರೆ ಮೂವರೂ ಒಂದೇ ಕೋಣೆಯಲ್ಲಿ ಕೂತಂತಿತ್ತು. ಈ ಹಾಡು ಮದುವೆಯಲ್ಲಿ ನುಡಿಯದಿದ್ದರೆ ಭಾಮೈದ ಬರುತ್ತಾನೆ, ಉಣ್ಣುತ್ತಾನೆ, ಮೆಟ್ಟಿಲು ಹತ್ತಿ ಹೋಗುತ್ತಾನೆ, ಅಲ್ಲಿಗೆ ಈ ಜನ್ಮದ ಮಾತು ಮುಗಿಯಿತು ಎಂದು ಯಜಮಾನನಿಗೆ ಗೊತ್ತಿತ್ತು. ಅವನಿಗೆ ಭಯವಾಗಿತ್ತು. ಹೇಳಿಕೊಳ್ಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಛತ್ರದ ಮ್ಯಾನೇಜರು ಮಿಶ್ರಣ ಪರವಾನಗಿ ಇಲ್ಲದೆ ಪ್ಲಗ್ ಹಾಕಲು ಬಿಡುವುದಿಲ್ಲ ಎಂದ.

ಒಂದನೇ ಕೌಂಟರಿನ ಮೇಡಂ ಗಡಿಯಾರ ಹಿಡಿದು ಮಗಳ ಸಾಲುಗಳನ್ನು ಕೇಳಿದರು.

"ನಿಮಿಷಕ್ಕೆ ನೂರಾ ನಲವತ್ತು ಮಾತು. ಅನುಮತಿ ಇರೋದು ಅರವತ್ತಕ್ಕೆ."

"ಬಸ್ಸಲ್ಲಿ ಅರವತ್ತು ಮಾತಾಡಿದ್ರೆ ಯಾರೂ ಟಿಕೆಟ್ ತಗೊಳ್ಳಲ್ಲ ಮೇಡಂ."

ಇದನ್ನು ಹೆಚ್ಚುವರಿ ಏಳು ಮಾತು ಎಂದು ನಮೂದಿಸಲಾಯಿತು.

ಎರಡನೇ ಕೌಂಟರಿನಲ್ಲಿ ಸರ್ವೆಯವರು ಯಜಮಾನನ ಗಿಟಾರನ್ನು ಅಳೆದು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಪೆಟ್ಟು ತಾಳದವರದ್ದು, ಒಪ್ಪಿದೆ. ಪೆಟ್ಟು-ಪೆಟ್ಟಿನ ನಡುವಿನ ಖಾಲಿ ಜಾಗ ಯಾರದ್ದು?"

"ಯಾರದ್ದೂ ಅಲ್ಲ ಸಾರ್."

"ಯಾರದ್ದೂ ಅಲ್ಲದ್ದು ಇಲಾಖೆದು. ನಾಲ್ಕು ನಿಮಿಷದಲ್ಲಿ ಇನ್ನೂರಾ ಎಂಬತ್ತು ಕಡೆ ಒತ್ತುವರಿ ಮಾಡಿದೀರಿ."

"ಸಾರ್, ರೆಗೆ ಅಂದ್ರೇ ಅದು."

"ಸಿಕ್ಕಿಬಿದ್ದೋರೆಲ್ಲ ಹಾಗೇ ಅಂತಾರೆ," ಎಂದ ಸರ್ವೆಯವರು ಒತ್ತುವರಿ ತೆರವಿಗೆ ಏಳು ದಿನದ ಗಡುವು ಕೊಟ್ಟರು.

ಮೂರನೇ ಕೌಂಟರಿನವರು ಮಾತ್ರ ಬಹಳ ಸೌಜನ್ಯದಿಂದ ನಡೆದುಕೊಂಡರು. ಒಂದೇ ತಾಳದ ಮೇಲೆ ಯಾರು ಬೇಕಾದರೂ ಹಾಡಬಹುದು ಎಂದು ಭಾಮೈದ ವಿವರಿಸಿದಾಗ ಅವರ ಮುಖ ಅರಳಿತು.

"ಯಾರು ಬೇಕಾದ್ರೂ ಅಂದ್ರೆ... ಇಲಾಖೆಯವರೂ?"

"ಪದ್ಧತಿ ಪ್ರಕಾರ ಯಾರನ್ನೂ ಬೇಡ ಅನ್ನೋ ಹಾಗಿಲ್ಲ ಸಾರ್."

ಮಾರನೇ ದಿನವೇ ಸುತ್ತೋಲೆ ಹೊರಟಿತು. ಪ್ರತಿ ಸಹಿಗೆ ಎಂಟು ಸಾಲಿನಂತೆ, ಸಹಿ ಮಾಡುವ ಅಧಿಕಾರಿಗೆ ಹಾಡಿನಲ್ಲಿ ಜಾಗ ಒದಗಿಸತಕ್ಕದ್ದು. ಇದನ್ನು ಲಂಚವೆಂದು ಭಾವಿಸತಕ್ಕದ್ದಲ್ಲ, ಭಾವಿಸಿದರೆ ಹದಿನಾರು ಸಾಲು. ಮೂರನೇ ಕೌಂಟರಿನವರು ತಮಗೆ ತಪ್ಪಿದ ಬಡ್ತಿಯ ಬಗ್ಗೆ ಹಾಡಿದರು. ಒಂದನೇ ಕೌಂಟರಿನ ಮೇಡಂ ರಜೆ ಮಂಜೂರಾತಿಯ ಆದೇಶವನ್ನು ಎರಡು ಸಲ ಹೇಳಿದರು, ನಿಮಿಷಕ್ಕೆ ನೂರಾ ತೊಂಬತ್ತು ಮಾತಿನಂತೆ. ಸರ್ವೆಯವರಿಗೆ ಹಾಡಲು ಬಾರದು, ಚೆಕ್ಕುಬಂದಿ ಓದಿದರು. ಹಾಡು ಮೂವತ್ತೊಂದು ನಿಮಿಷಕ್ಕೆ ಬೆಳೆಯಿತು. ಸ್ಥಳಾಭಾವದಿಂದ ಮಗಳ ಹನ್ನೆರಡು ಸಾಲುಗಳನ್ನು ಎರಡಕ್ಕೆ ಇಳಿಸಲಾಯಿತು, ಅದರಲ್ಲೂ ಒಂದು ಸಾಲು ಕೃತಜ್ಞತೆಗೆ ಮೀಸಲು.

ಎಲ್ಲ ಸಹಿಗಳಾದ ಮೇಲೆ ಕಡತ ಮುಖ್ಯ ಮಿಶ್ರಣಾಧಿಕಾರಿಗಳ ಮುಂದೆ ಬಂತು. ಅರ್ಜಿದಾರರೆಲ್ಲರೂ ಒಟ್ಟಿಗೆ ಹಾಜರಿರಬೇಕೆಂಬ ನಿಯಮದಂತೆ ಯಜಮಾನ ಬೆಂಚಿನ ಈ ತುದಿಗೆ, ಭಾಮೈದ ಆ ತುದಿಗೆ, ಹೆಂಡತಿ ನಡುವೆ ಕೂತರು. ಹಾಡು ಶುರುವಾಯಿತು. ಮೂರನೇ ನಿಮಿಷದಲ್ಲಿ ತಾಳ ಸ್ವಲ್ಪ ಹಿಂದೆ ಸರಿದು ಯಜಮಾನನ ಗಿಟಾರು ಒಂದೇ ಉಳಿಯುವ ಜಾಗವಿದೆ. ಅಲ್ಲಿ ಸಾಹೇಬರ ಬಲಗಾಲು ಅಲುಗಿತು. ಸ್ಟೆನೋ ಅದನ್ನು ಬರೆದುಕೊಂಡಳು. ಎಡಗಾಲಿನ ಸಾಕ್ಷ್ಯ ಪಡೆದು ಬಲಗಾಲಿಗೆ ಕಾರಣ ಕೇಳಿ ನೋಟಿಸು ಕೊಡಲು ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ, ಭಾಮೈದನ ಕೈ ತಾನಾಗಿ ಪಕ್ಕದ ಸ್ಪೀಕರಿಗೆ ಹೋಗಿ ಹಾಡನ್ನು ನಿಲ್ಲಿಸಿತು.

"ಮೊದಲಿಂದ!" ಎಂದು ಅವನು ಕೂಗಿದ.

 ಯಜಮಾನನ ಕಿವಿ ಕೆಂಪಗಾಯಿತು. ಒಂಬತ್ತು ವರ್ಷದ ಹಿಂದೆಯೂ ಇದೇ ಮಾತು, ಇದೇ ಗಂಟಲು.

"ಯಾಕ್ರೀ ನಿಲ್ಲಿಸಿದ್ದು? ಹೇಳಿಕೆ ಕೊಡಿ," ಎಂದರು ಸಾಹೇಬರು.

"ತಪ್ಪಾಯ್ತು ಸಾರ್, ಅಭ್ಯಾಸ. ಹಾಡು ತುಂಬಾ ಚೆನ್ನಾಗಿದ್ರೆ ಮುಂದಕ್ಕೆ ಬಿಡೋಕೆ ಮನಸ್ಸೇ ಬರಲ್ಲ. ಅಲ್ಲೇ ನಿಲ್ಲಿಸಿ ಮೊದಲಿಂದ ಹಾಕ್ತೀವಿ. ನಮ್ಮಲ್ಲಿ ನುಡಿಸೋನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ."

"ಚೆನ್ನಾಗಿಲ್ದಿದ್ರೆ?"

"ಪಾಪ ಅಂತ ಪೂರ್ತಿ ಹಾಕ್ತೀವಿ ಸಾರ್."

ಸ್ಟೆನೋ ಹೇಳಿಕೆಯನ್ನು ಗಟ್ಟಿಯಾಗಿ ಓದಿ ಹೇಳಿದಳು. ಯಜಮಾನ ಫ್ಯಾನು ನೋಡುತ್ತಾ ಕೂತ. ಹೆಂಡತಿ ತಮ್ಮನ ಕಡೆ ತಿರುಗಿದಳು.

"ಒಂಬತ್ತು ವರ್ಷ ಕಣೋ. ಮೆಟ್ಟಿಲು ಹತ್ತಿ ಇಳಿದು ನನ್ನ ಮಂಡಿ ಸವೆದು ಹೋಯ್ತು. ಇದನ್ನ ಅವತ್ತೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

"ಭಾವ ಕೇಳಲಿಲ್ಲ ಅಕ್ಕ."

ಹೇಳಿಕೆ ಸಾಹೇಬರಿಗೆ ಬಹಳ ಹಿಡಿಸಿತು. ಕಡತವನ್ನು ಮುಂದಕ್ಕೆ ಕಳಿಸದಿರಲು ಅವರು ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅನೇಕ ಕಾರಣ ಕೊಟ್ಟಿದ್ದರು, ಆದರೆ ಇಷ್ಟು ಗೌರವದ ಕಾರಣ ಸಿಕ್ಕಿರಲಿಲ್ಲ. ಸಂಜೆಯೊಳಗೆ ನಿಯಮ ಹದಿನಾಲ್ಕು-ಎ ಜಾರಿಗೆ ಬಂತು. ಯಾವುದೇ ಅಧಿಕಾರಿಗೆ ಹಾಡು ಮೆಚ್ಚಿಗೆಯಾದಲ್ಲಿ ಕಡತಕ್ಕೆ 'ಮೊದಲಿಂದ' ಎಂಬ ಮೊಹರು ಹಾಕಿ ಒಂದನೇ ಕೌಂಟರಿಗೆ ಹಿಂದಿರುಗಿಸತಕ್ಕದ್ದು. ಪರೀಕ್ಷೆಗಾಗಿ ನುಡಿಸುವ ಹಾಡಿಗೆ ಪರವಾನಗಿ ಬೇಕಿಲ್ಲ. ಅರ್ಜಿದಾರರು ಪ್ರತಿ ಪರೀಕ್ಷೆಗೂ ಖುದ್ದು ಹಾಜರಿರತಕ್ಕದ್ದು.

ಹಾಡು ಎಲ್ಲರಿಗೂ ಮೆಚ್ಚಿಗೆಯಾಗಿದ್ದರಿಂದ ಕಡತ ದಿನಾ ಒಂದನೇ ಕೌಂಟರಿಗೆ ಬರತೊಡಗಿತು. ಭಾವ-ಭಾಮೈದರೂ ದಿನಾ ಬಂದು ಬೆಂಚಿಗೆ ಕೂತರು. ನಾಲ್ಕನೇ ದಿನ ಹೆಂಡತಿ ಸೊಂಟ ನೋವೆಂದು ಕುರ್ಚಿಗೆ ಹೋದಳು, ಬೆಂಚಿನ ನಡುವೆ ಖಾಲಿ ಜಾಗ ಉಳಿಯಿತು. ಅದನ್ನು ಯಾರು ಒತ್ತುವರಿ ಮಾಡಿದರೋ ದಾಖಲೆಯಿಲ್ಲ. ಶುಕ್ರವಾರದ ಹೊತ್ತಿಗೆ ಅಲ್ಲಿ ಜಾಗವಿರಲಿಲ್ಲ.

"ಮೂರನೇ ತಂತಿ ಸ್ವಲ್ಪ ಇಳಿದಿದೆ ಭಾವ," ಎಂದ ಭಾಮೈದ, ಫ್ಯಾನಿಗೆ ಹೇಳುವಂತೆ.

"ಹೌದಾ?" ಎಂದ ಯಜಮಾನ. "ಹಳೇದಾಯ್ತು. ನೀನು ಮೇಲೆ ಸ್ಪೀಕರ್ ಹಾಕಿದಾಗ ನನ್ನ ಕನ್ನಡಿ ಅಲ್ಲಾಡುತ್ತೆ."

"ಕಮ್ಮಿ ಮಾಡಲಾ?"

"ಬೇಡ. ಗಿರಾಕಿಗಳು ನೆಟ್ಟಗೆ ಕೂತ್ಕೋತಾರೆ."

ಮದುವೆಯ ದಿನ ಬಂದರೂ ಪರವಾನಗಿ ಬರಲಿಲ್ಲ. ಮಗಳು ಯೂನಿಫಾರ್ಮಿನಲ್ಲೇ ನೋಟಿಸ್ ಬೋರ್ಡಿನ ಮುಂದೆ ನಿಂತು ಹದಿನಾಲ್ಕು-ಎ ಓದಿದಳು. ಪರೀಕ್ಷೆಗೆ ಎಷ್ಟು ಜನ ಹಾಜರಿರಬಹುದೆಂದು ಅದರಲ್ಲಿ ಬರೆದಿರಲಿಲ್ಲ. ಹಾಗಾಗಿ ಹನ್ನೊಂದನೇ ಪರೀಕ್ಷೆಗೆ ಇನ್ನೂರಾ ಹತ್ತು ಜನ ಹೊಸ ಬಟ್ಟೆ ಹಾಕಿಕೊಂಡು ಬಂದರು. ವಧೂವರರು ಎರಡನೇ ಮತ್ತು ಮೂರನೇ ಕೌಂಟರಿನ ನಡುವೆ ಸಹಿ ಹಾಕಿದರು, ಸಾಹೇಬರು ಸಾಕ್ಷಿ ಹಾಕಿ ಕಚೇರಿಯ ಮೊಹರೊತ್ತಿದರು. ಹಾಡಲು ಎದ್ದು ನಿಂತ ಅಧಿಕಾರಿಗಳನ್ನು ಮಗಳು "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂದು ತಳ್ಳಿ ತಳ್ಳಿ ಹಾಡಿನ ಕೊನೆಯ ಅರ್ಧ ನಿಮಿಷದೊಳಗೆ ತುಂಬಿದಳು. ಅಭ್ಯಾಸಬಲ, ಅವರೂ ಹೋದರು. ತನ್ನ ಹನ್ನೆರಡು ಸಾಲುಗಳನ್ನು ವಾಪಸು ಪಡೆದು ಒಂದೇ ಉಸಿರಿಗೆ ಹೇಳಿದಳು. ಜನ ಟೋಕನ್ ಸಂಖ್ಯೆಯ ಪ್ರಕಾರ ಕುಣಿದರು. ಹಾಡು ಏಳು ಸಲ ಮೂರನೇ ನಿಮಿಷದವರೆಗೆ ಬಂತು, ಏಳು ಸಲವೂ ಮೊದಲಿಂದ ಶುರುವಾಯಿತು. ಕೊನೆಯ ಅರ್ಧ ನಿಮಿಷದಲ್ಲಿದ್ದ ಅಧಿಕಾರಿಗಳ ಸರದಿ ಬರಲೇ ಇಲ್ಲ. ಏಳನೇ ಸಲ "ಮೊದಲಿಂದ" ಎಂದು ಕೂಗಿದ್ದು ಯಜಮಾನ.

ಮದುವೆ ಮುಗಿದರೂ ಪರೀಕ್ಷೆ ಮುಗಿಯಲಿಲ್ಲ. ಊರಿನವರು ಹುಟ್ಟುಹಬ್ಬಕ್ಕೂ ನಿವೃತ್ತಿಗೂ ಅರ್ಜಿ ಹಾಕತೊಡಗಿದರು. ಛತ್ರದ ಮ್ಯಾನೇಜರು ಕೂಡ ತನ್ನ ಮಗನ ಮದುವೆಗೆ ಹತ್ತೊಂಬತ್ತನೇ ಪರೀಕ್ಷೆಯನ್ನು ಕಾಯ್ದಿರಿಸಿದ.

ಹೀಗಿರುವಾಗ ಸಾಹೇಬರು ರಜೆ ಹಾಕಿದರು. ಅವರ ಜಾಗಕ್ಕೆ ಬಂದ ಪ್ರಭಾರಿಗಳಿಗೆ ಕಿವಿ ಮಂದ. ಹಾಡು ಕೇಳಿಸದ ಕಾರಣ ಮೆಚ್ಚಿಗೆಯಾಗಲಿಲ್ಲ, ಮೆಚ್ಚಿಗೆಯಾಗದ ಕಾರಣ ಕಡತ ತಡೆಯಲು ಆಧಾರವಿರಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ಪರವಾನಗಿ ಮಂಜೂರಾಯಿತು.

ಪತ್ರ ಸಲೂನಿಗೆ ಬಂದಾಗ ಯಜಮಾನ ಪೋಸ್ಟ್‌ಮಾಸ್ಟರರ ಗಡ್ಡ ತೆಗೆಯುತ್ತಿದ್ದ. ಒಂದು ಕೆನ್ನೆ ಆಗಿತ್ತು. ಪತ್ರ ತೆರೆದು ಓದಿದ. ಹಾಡನ್ನು ಎರಡನೇ ಶನಿವಾರಗಳಂದು, ಮುಚ್ಚಿದ ಕೋಣೆಯಲ್ಲಿ, ಒಮ್ಮೆ ನುಡಿಸಬಹುದು. ಅದರ ಕೆಳಗೆ ಇನ್ನೊಂದು ಸಾಲಿತ್ತು: 'ಅರ್ಜಿದಾರರು ಇನ್ನು ಮುಂದೆ ಒಟ್ಟಿಗೆ ಹಾಜರಾಗುವ ಅಗತ್ಯವಿಲ್ಲ.'

ಆ ಸಾಲನ್ನು ಅವನು ಎರಡು ಸಲ ಓದಿದ.  ನಾಳೆಯಿಂದ ಭಾಮೈದ ಮೇಲೆ, ತಾನು ಕೆಳಗೆ. ಸುಮ್ಮಸುಮ್ಮನೆ ಮೆಟ್ಟಿಲು ಹತ್ತಿ ಹೋಗಿ 'ಏನಪ್ಪಾ' ಎನ್ನಲು ಅವನಿಗೆ ಹುಟ್ಟಿದಾಗಿನಿಂದ ಬಂದಿಲ್ಲ. ಕಚೇರಿ ಕರೆದರೆ ಹೋಗುವುದು ಬೇರೆ; ಅದು ಕಾನೂನು. ಅವನು ರೇಜರನ್ನು ಕಿಸೆಗೆ ಹಾಕಿಕೊಂಡು, ಭುಜದ ಮೇಲಿನ ಟವೆಲ್ಲಿನ ಸಮೇತ ಓಡಿದ.

ಆಕ್ಷೇಪಣೆ ಸ್ವೀಕರಿಸುವ ಕಿಟಕಿಯ ಮುಂದೆ ಅದಾಗಲೇ ಒಬ್ಬ ನಿಂತಿದ್ದ. ಕೈಯಲ್ಲಿ ಸ್ಕ್ರೂಡ್ರೈವರು, ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ. ಭಾಮೈದ.

"ನೀನೇನಿಲ್ಲಿ?"

"ಸುಮ್ನೆ ಬಂದೆ ಭಾವ. ನೀವು?"

"ಹೀಗೇ... ಗಾಳಿಗೆ."

ಕಿಟಕಿಯ ಗುಮಾಸ್ತ ಭಾಮೈದನ ಅರ್ಜಿಯನ್ನು ಗಟ್ಟಿಯಾಗಿ ಓದಿದ. "'ಮೂರನೇ ನಿಮಿಷದಲ್ಲಿ ನಮ್ಮ ಭಾವ ನುಡಿಸಿರುವುದು ತುಂಬಾ ಚೆನ್ನಾಗಿದೆ. ಆದ್ದರಿಂದ ಪರವಾನಗಿ ಕೊಡಬಾರದಾಗಿ ಪ್ರಾರ್ಥನೆ.' ಸರಿ. ನಿಮ್ಮದೇನ್ರೀ?"

ಯಜಮಾನ ಅಲ್ಲೇ ಒಂದು ಫಾರಂ ತೆಗೆದುಕೊಂಡ. ಕಾರಣ ಎಂಬಲ್ಲಿ ಪೆನ್ನು ಊರಿ ಬಹಳ ಹೊತ್ತು ನಿಂತ. ಕೊನೆಗೆ 'ಮೇಲಿನಂತೆ' ಎಂದು ಬರೆದ.

"ಆಕ್ಷೇಪಣೆ ಎರಡು, ಎರಡೂ ಅರ್ಜಿದಾರರದ್ದೇ," ಎಂದ ಗುಮಾಸ್ತ. "ಕ್ರಮಬದ್ಧವಾಗಿದೆ." ಎಂಜಲು ಹಚ್ಚಿ ಕಡತದ ಪುಟ ತಿರುವಿ, 'ಮೊದಲಿಂದ' ಎಂಬ ಮೊಹರೊತ್ತಿ ಒಂದನೇ ಕೌಂಟರಿಗೆ ತಳ್ಳಿದ.

ಇಬ್ಬರೂ ಹೋಗಿ ಬೆಂಚಿಗೆ ಕೂತರು. ಅಷ್ಟರಲ್ಲಿ ಪೋಸ್ಟ್‌ಮಾಸ್ಟರರು ಒಂದು ಕೆನ್ನೆಯ ತುಂಬ ನೊರೆ ಹೊತ್ತು, ಕೈಯಲ್ಲಿ ಸೋಪಿನ ಬಟ್ಟಲು, ಬ್ರಷ್ಷು ಹಿಡಿದು ಮೆಟ್ಟಿಲು ಹತ್ತಿ ಬಂದರು. ಅವರೂ ಒಂದು ಟೋಕನ್ ತೆಗೆದುಕೊಂಡು ಯಜಮಾನನ ಪಕ್ಕದಲ್ಲಿ ಕೂತರು. ಹಾಡು ಶುರುವಾಯಿತು. ಪೆಟ್ಟು ಬೀಳುವಾಗ ಯಜಮಾನ ರೇಜರನ್ನು ಮೇಲೆತ್ತಿ ಹಿಡಿದು, ನಡುವಿನ ಖಾಲಿಗಳಲ್ಲಿ ಒಂದೊಂದೇ ಎಳೆ ಎಳೆಯುತ್ತಾ ಇನ್ನೊಂದು ಕೆನ್ನೆಯನ್ನೂ ಮುಗಿಸುತ್ತಾ ಬಂದ. ಗಲ್ಲದ ಹತ್ತಿರ ಸ್ವಲ್ಪ ಉಳಿದಿತ್ತು, ಅಷ್ಟರಲ್ಲಿ ಮೂರನೇ ನಿಮಿಷ ಬಂತು.

"ಮೊದಲಿಂದ!" ಎಂದರು ಪೋಸ್ಟ್‌ಮಾಸ್ಟರರು, ಮತ್ತೆ ನೊರೆ ಹಚ್ಚಿಸಿಕೊಳ್ಳಲು ಮುಖ ಮುಂದೆ ಚಾಚಿದರು.